ಹಳೆ ಡಬ್ಬಗಳಿಗೆ ಪಾಠ ಹೇಳುವ ಭವ್ಯಾ

ಬೆಳಗಿನ ಐದೂವರೆ. ಬಣಕಲ್‌ನಿಂದ ಮೂರು ಕಿಲೋಮೀಟರ್ ಒಳಗಿರುವ ಕಾಫಿ ಎಸ್ಟೇಟೊಂದರ ಕೂಲಿಕಾರರ ಲೈನ್ ಮನೆಗಳ ಸಾಲಿನಲ್ಲಿ ಕೊನೆಯ ಮನೆಗೆ ಮಾತ್ರ ದೀಪ ಹತ್ತಿದೆ. ಜಗುಲಿಯ ಚಾಪೆಯ ಮೇಲೆ ಕೂತಿರುವ ಭವ್ಯಾ ಅವರ ಮುಂದೆ ಮುಚ್ಚಳ ಬಿಚ್ಚಿದ ವೈಫೈ ರೂಟರ್. ಅದರ ಹಸಿರು ಹಲಗೆಗೆ ಬೆಸುಗೆ ಹಾಕಿದ ಮೂರು ತಂತಿಗಳು ಹಳೆಯ ಲ್ಯಾಪ್‌ಟಾಪಿಗೆ ಹೋಗಿವೆ. ಸ್ವಿಚ್ ಒತ್ತುತ್ತಾರೆ. ಪರದೆಯ ಮೇಲೆ ಅಕ್ಷರಗಳು ಸರಸರನೆ ಹರಿದು ಒಂದು ಸಾಲಿಗೆ ಬಂದು ತಟ್ಟನೆ ನಿಲ್ಲುತ್ತವೆ. ಭವ್ಯಾ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಸೋತ ಪ್ರಯತ್ನಕ್ಕೊಂದು ಗೆರೆ; ಇದು ನಲವತ್ತೊಂದನೆಯದು.

ಈ ಹೊತ್ತನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಈ ತಗ್ಗಿಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಲೈನಿನ ಹೆಂಗಸರೆಲ್ಲ ಇದೇ ರೂಟರಿನ ವೈಫೈ ಹಿಡಿದು ತಮ್ಮವರಿಗೆ ಫೋನ್ ಮಾಡುತ್ತಾರೆ. ಅಷ್ಟರೊಳಗೆ ಪರೀಕ್ಷೆ ಮುಗಿದಿರಬೇಕು.

"ಆರು ಗಂಟೆ ಮೇಲೆ ಆಫ್ ಮಾಡಿದ್ರೆ ಮುದ್ದಮ್ಮ ಪೊರಕೆ ಹಿಡ್ಕೊಂಡು ಬರ್ತಾರೆ" ಎಂದು ಭವ್ಯಾ ನಗುತ್ತಾರೆ.

"ಬರ್ದೆ ಮತ್ತೆಂತ? ಗೋಣಿಬೀಡಲ್ಲಿ ನನ್ನ ಮಗಳು ಕಾಯ್ತಿರ್ತಾಳೆ ಮಾರಾಯ್ತಿ!" ಪಕ್ಕದ ಮನೆಯ ಒಳಗಿನಿಂದಲೇ ಮುದ್ದಮ್ಮನ ಉತ್ತರ ಬರುತ್ತದೆ.

ಭವ್ಯಾ ಅವರಿಗೆ ಮೂವತ್ನಾಲ್ಕು. ಹುಟ್ಟಿದ್ದು ಇದೇ ಲೈನಿನಲ್ಲಿ. ತಾಯಿ ತಂಗಮ್ಮ ಮೂವತ್ತು ವರ್ಷ ಇಲ್ಲೇ ಕಾಫಿ ಹಣ್ಣು ಕೊಯ್ದವರು. ಐಟಿಐ ಮುಗಿಸಿದ ಮೇಲೆ ಭವ್ಯಾ ಬಣಕಲ್‌ನ ಟಿವಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಈಗಲೂ ಹಗಲೆಲ್ಲ ಅಲ್ಲೇ. ಸಿಡಿಲಿಗೆ ಸುಟ್ಟ, ಕಂಪನಿ ಕೈಬಿಟ್ಟ ರೂಟರ್‌ಗಳು ಅಂಗಡಿಯ ಮೂಲೆಯಲ್ಲಿ ಗುಡ್ಡೆ ಬೀಳುತ್ತಿದ್ದವು. ಇವುಗಳೊಳಗಿನ ಮೂಲ ತಂತ್ರಾಂಶ ತೆಗೆದು, ಎಲ್ಲರಿಗೂ ಮುಕ್ತವಾಗಿರುವ ತಂತ್ರಾಂಶ ಹಾಕಬಹುದು ಎಂದು ಅವರಿಗೆ ತಿಳಿದದ್ದು ಆರು ವರ್ಷದ ಹಿಂದೆ. ಒಂದು ಮನೆಯ ಸಂಪರ್ಕವನ್ನು ನೆರೆಹೊರೆಗೂ ಹಂಚುವಂಥ ಮುಕ್ತ ತಂತ್ರಾಂಶವೂ ಇತ್ತು. ಹೊರದೇಶದ ಯಾರೋ ಬರೆದು ಬಿಟ್ಟದ್ದು. ಆದರೆ ನಮ್ಮ ಕಡೆ ಸಿಗುವ ಡಬ್ಬಗಳಲ್ಲಿ ಅದು ಓಡುತ್ತಿರಲಿಲ್ಲ.

"ಹೊಸ ಮನೆಗೆ ಬಂದ ಸೊಸೆ ಇದ್ದಂಗೆ ಅದು. ಉಪ್ಪಿನ ಡಬ್ಬಿ ಎಲ್ಲಿದೆ, ಹಿತ್ತಲ ಬಾಗ್ಲು ಎಲ್ಲಿದೆ, ಯಾವ ಸ್ವಿಚ್ಚಿಗೆ ಯಾವ ದೀಪ, ಎಲ್ಲ ತೋರಿಸ್ಬೇಕು. ಒಂದೊಂದು ಕಂಪನಿ ಡಬ್ಬದ ಹೊಟ್ಟೆ ಒಂದೊಂದು ಥರ. ಹೇಳ್ಕೊಡೋರಿಲ್ದಿದ್ರೆ ಬಾಗಿಲಲ್ಲೇ ನಿಂತ್ಬಿಡ್ತದೆ" ಎನ್ನುತ್ತಾರೆ ಭವ್ಯಾ.

ಹೀಗೆ ಅವರು ಆರು ಬಗೆಯ ರೂಟರ್‌ಗಳಿಗೆ ಪಾಠ ಹೇಳಿದ್ದಾರೆ. ಬಣಕಲ್, ಗೋಣಿಬೀಡು ಸುತ್ತಮುತ್ತ ಮೂವತ್ತೇಳು ಡಬ್ಬಗಳು ಓಡುತ್ತಿವೆ. ಹೊರನಾಡಿನ ಒಂದು ವಸತಿಗೃಹದವರು ಹಾಳಾದ ರೂಟರ್‌ಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸುತ್ತಾರೆ.

ಹಂಚಿಕೊಳ್ಳಲು ಮನೆಯವರನ್ನು ಒಪ್ಪಿಸುವುದು ತಂತಿ ಬೆಸೆದಷ್ಟು ಸುಲಭವಲ್ಲ. ಭವ್ಯಾ ಗುಡ್ಡದ ಮೇಲಿಂದ ಪೈಪಿನಲ್ಲಿ ಇಳಿದುಬರುವ ನೀರಿನ ಉದಾಹರಣೆ ಕೊಡುತ್ತಾರೆ: "ಮೊದ್ಲು ನಿಮ್ಮ ಟ್ಯಾಂಕೇ ತುಂಬ್ತದೆ. ತುಂಬಿ ಹೊರಗೆ ಹರಿದದ್ದು ಮಾತ್ರ ನಮ್ಗೆ. ನಿಮ್ಮ ಟ್ಯಾಂಕಿನೊಳಗೆ ನಾವು ಇಣುಕಕ್ಕೂ ಆಗಲ್ಲ."

ಈ ಮಾತಿಗೆ ಮೊದಲು ತಲೆಯಾಡಿಸಿದವರು ಎಸ್ಟೇಟಿನ ಸಾಹುಕಾರರಾದ ರುದ್ರಪ್ಪ. ದಿಬ್ಬದ ಮೇಲಿನ ಅವರ ಮನೆಯ ಚಾವಡಿಯಲ್ಲಿ ಒಂದು ಡಬ್ಬ, ಕೆಳಗೆ ಲೈನಿನ ತುದಿಯಲ್ಲಿ, ಭವ್ಯಾ ಅವರ ಜಗುಲಿಯಲ್ಲಿ ಇನ್ನೊಂದು. ಇಲ್ಲಿನ ಹದಿನಾಲ್ಕು ಮನೆಗಳು ಮೇಲಿನ ಆ ಒಂದು ಡಬ್ಬವನ್ನೇ ನೆಚ್ಚಿಕೊಂಡಿವೆ.

ಕಳೆದ ಜುಲೈಯಲ್ಲಿ ಅದು ಕೈಕೊಟ್ಟಿತು. ಭವ್ಯಾ ಹೊಸ ಆವೃತ್ತಿಯನ್ನು ಸಿದ್ಧಪಡಿಸಿ ಶನಿವಾರ ಆ ಡಬ್ಬಕ್ಕೆ ಹಾಕಿದ್ದರು. ಭಾನುವಾರ ಸಿಗ್ನಲ್ ಸೊರಗಿತು. ಬುಧವಾರ ಡಬ್ಬವೇ ಸತ್ತಿತು. ರುದ್ರಪ್ಪನವರ ಆಫೀಸಿನ ಕೆಲಸವೂ ನಿಂತಿತು. ಅವರು ಆಳಿನ ಕೈಲಿ ಡಬ್ಬ ಕೀಳಿಸಿ ಉಗ್ರಾಣಕ್ಕೆ ಹಾಕಿಸಿ, ಲೆಕ್ಕ ಬರೆಯುವ ರೈಟರ್ ಕೈಲಿ ಹೇಳಿ ಕಳಿಸಿದರು: "ಇನ್ನು ಆ ಹಂಚೋ ಉಸಾಬರಿ ನಮ್ಮನೆಲಿ ಬೇಡ."

ಆಗ ಲೈನಿನ ಮೂರನೆಯ ಮನೆಯಲ್ಲಿ ಕೃತಿಕಾಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಹೊರಗೆ ಬಿಡದ ಮಳೆ. ಆಂಬುಲೆನ್ಸಿಗೆ ಫೋನ್ ಮಾಡಬೇಕೆಂದರೂ ಸಿಗ್ನಲ್ ಸಿಗುವ ಕಡೆಗೆ ಒಂದೂವರೆ ಕಿಲೋಮೀಟರ್ ಹತ್ತಬೇಕು. "ನೋವು ಬಂದ್ರೆ ಯಾರು ಹತ್ತೋದು, ಯಾವಾಗ ಇಳಿಯೋದು?" ಎಂದು ಆಶಾ ಕಾರ್ಯಕರ್ತೆ ವಿಮಲಮ್ಮ ಭವ್ಯಾ ಅವರನ್ನು ಕೇಳಿದರು.

ಒಂಬತ್ತು ದಿನ ಭವ್ಯಾ ತಾವು ಬರೆದ ಪ್ರತಿ ಸಾಲನ್ನೂ ಮತ್ತೆ ಮತ್ತೆ ಓದಿದರು. ಅದೇ ಆವೃತ್ತಿ ತಮ್ಮ ಜಗುಲಿಯ ಡಬ್ಬದಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆದರೂ ಆ ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುವವರ ಗುಂಪಿಗೆ ಬರೆದರು: ತಪ್ಪು ನನ್ನದಿರಬೇಕು, ಇದನ್ನು ಯಾರಿಗೂ ಕೊಡಬೇಡಿ. "ಆ ಪತ್ರ ಕಳಿಸಿದ್ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಇಟ್ಬಿಟ್ಟೆ. ಕೈ ಹೋಗ್ತಿರ್ಲಿಲ್ಲ" ಎನ್ನುತ್ತಾರೆ.

ಹತ್ತನೆಯ ದಿನ ವಿಮಲಮ್ಮ, ಬಿಪಿ ನೋಡಲು ಸಾಹುಕಾರರ ಮನೆಗೆ ಹೋದವರು, ಚೀಲದಲ್ಲಿ ಆ ಡಬ್ಬವನ್ನು ಇಟ್ಟುಕೊಂಡು ಬಂದರು. ಕೊಟ್ಟದ್ದು ರುದ್ರಪ್ಪನವರ ತಾಯಿ, ಎಂಬತ್ತೆರಡರ ತಿಮ್ಮಮ್ಮ. ಮುಚ್ಚಳ ತೆಗೆದರೆ ಒಳಗೆಲ್ಲ ನುಣ್ಣನೆಯ ಮಸಿ, ಹೊಗೆಯ ವಾಸನೆ. ಒಂದು ಬದಿಯ ಪ್ಲಾಸ್ಟಿಕ್ ಸೊಟ್ಟಗಾಗಿತ್ತು. ಭವ್ಯಾ ಅದನ್ನು ಹಿಡಿದುಕೊಂಡು ಮಳೆಯಲ್ಲೇ ದಿಬ್ಬ ಹತ್ತಿದರು.

"ಚಾವಡಿ ಗೋಡೆ ನೀರೊಡೆದಿತ್ತು ಕೂಸೇ. ಡಬ್ಬಕ್ಕೆ ಥಂಡಿ ಹಿಡಿತದೆ ಅಂತ ನೀನು ಬಂದುಹೋದ ಮಾರನೆ ದಿನ ತಂತಿ ಸಮೇತ ಒಲೆ ಮೇಲಿನ ಅಟ್ಟಕ್ಕೆ ಇಟ್ಟಿದ್ದೆ. ಮಳೆಗಾಲದಲ್ಲಿ ಬೆಂಕಿಪೊಟ್ಟಣ, ಹಪ್ಪಳ ಎಲ್ಲ ಅಲ್ಲೇ ತಾನೆ ಇಡೋದು?" ಎಂದರು ತಿಮ್ಮಮ್ಮ. ಮಗನ ಕಡೆ ತಿರುಗಿ, "ತಪ್ಪು ನಂದು ಕಣೋ. ಆ ಹುಡ್ಗಿ ಮೇಲೆ ಎಂತಕ್ಕೆ ಹಾರಾಡ್ತಿ?"

ರುದ್ರಪ್ಪ ಒಳಗೆ ಹೋದರು. ಬರುವಾಗ ಕೈಯಲ್ಲಿ ಸುತ್ತಿಗೆ, ಎರಡು ಮೊಳೆ ಇದ್ದವು. ಚಾವಡಿಯ ಮರದ ಕಂಬದ ಮೇಲ್ಭಾಗದಲ್ಲಿ, ಲೈನ್ ನೇರವಾಗಿ ಕಾಣುವ ಕಡೆ ತಾವೇ ಹೊಡೆದರು. "ಇಲ್ಲಾದ್ರೆ ಅಮ್ಮನ ಕೈಗೆ ಎಟುಕಲ್ಲ" ಎಂದರು. ಕ್ಷಮೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಲ್ಲಿದ್ದ ಮೂವರಿಗೂ ಮುಜುಗರವಾಗುತ್ತಿತ್ತೇನೋ.

ಸಂಜೆಯೊಳಗೆ ಬೇರೆ ಡಬ್ಬ ಕಂಬವೇರಿತು. ಅದಾದ ಆರನೆಯ ದಿನ ಬೆಳಿಗ್ಗೆ ಕೃತಿಕಾ ಮಲಗಿದ್ದಲ್ಲಿಂದಲೇ ವಿಮಲಮ್ಮನಿಗೆ ಫೋನ್ ಮಾಡಿದರು. ಆಂಬುಲೆನ್ಸ್ ಎಸ್ಟೇಟಿನ ಗೇಟಿನವರೆಗೆ ಬಂತು. ಮೂಡಿಗೆರೆಯಲ್ಲಿ ಹೆಣ್ಣು ಮಗು, ಎರಡು ಮುಕ್ಕಾಲು ಕೆಜಿ. "ಆಸ್ಪತ್ರೆಯಿಂದ ಬಂದ ದಿನ ಭವ್ಯಕ್ಕ ನಮ್ಮನೆಗೆ ಬಂದ್ರು. ಮಗೂನ ಎತ್ಕೊಂಡು ಕೂತಿದ್ರು. ತೊಟ್ಟಿಲಿಗೆ ಹಾಕಕ್ಕೇ ಬಿಡ್ಲಿಲ್ಲ" ಎನ್ನುತ್ತಾರೆ ಕೃತಿಕಾ.

ಭವ್ಯಾ ಗುಂಪಿಗೆ ಇನ್ನೊಂದು ಪತ್ರ ಬರೆದರು: ತಪ್ಪು ತಂತ್ರಾಂಶದ್ದಲ್ಲ, ಡಬ್ಬ ಒಲೆಯ ಮೇಲಿತ್ತು. ಯಾರೂ ನಗಲಿಲ್ಲ. ತಮ್ಮ ಊರಿನಲ್ಲಿ ತಗಡಿನ ಮಾಡಿನ ಕೆಳಗೆ ಹೀಗೇ ಸಾಯುತ್ತವೆ ಎಂದು ಒಬ್ಬರು ಉತ್ತರಿಸಿದರು. ಬಿಸಿ ಏರಿದರೆ ಡಬ್ಬ ತಾನೇ ಬಲ ತಗ್ಗಿಸಿಕೊಂಡು ಕೆಂಪು ದೀಪ ಮಿನುಗಿಸುವಂತೆ ಭವ್ಯಾ ಕೆಲವು ಸಾಲು ಬರೆದು ಕಳಿಸಿದರು. ಅವು ಈಗ ಎಲ್ಲರ ಆವೃತ್ತಿಯಲ್ಲೂ ಸೇರಿವೆ.

ಲೈನಿನವರೆಲ್ಲ ನಿಮಗೆ ಋಣಿ ಎಂದರೆ ಅವರು ಮಾತು ಬೇರೆಡೆ ಹೊರಳಿಸುತ್ತಾರೆ. "ನಾನು ಬರೆದದ್ದು ಎಷ್ಟು, ಚೂರು. ಅದನ್ನ ಕಟ್ಟಿದೋರು ನನ್ನ ಮುಖ ನೋಡಿಲ್ಲ, ಜಾತಿ ಕೇಳಿಲ್ಲ, ಎಷ್ಟು ಓದಿದ್ದೀಯ ಅಂತನೂ ಕೇಳಿಲ್ಲ. ತಗೋ, ತಿದ್ದು ಅಂತ ಬಿಟ್ಟಿದ್ರು. ಮತ್ತೆ ಸಾಹುಕಾರ್ರು ಕೊಡ್ದಿದ್ರೆ ಹಂಚೋದು ಎಂತದನ್ನ?"

ಅವರಿಗಿರುವ ಚಿಂತೆ ಒಂದೇ. ತಂತ್ರಾಂಶ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆ, ಹಳೆಯ ಡಬ್ಬಗಳ ಮೆಮೊರಿ ಸಾಲದಾಗುತ್ತಿದೆ. ತಂತ್ರಾಂಶ ಓಡುವ ಡಬ್ಬಗಳ ಮುಂದಿನ ಪಟ್ಟಿಯಿಂದ ಇಂಥವನ್ನು ಕೈಬಿಡುವ ಮಾತು ನಡೆದಿದೆ. ಕೈಬಿಟ್ಟರೆ ಲೈನಿಗೆ ಹೊಸದು ಎಲ್ಲಿಂದ? ಅದಕ್ಕೇ ಬೇಡದ ಭಾಗಗಳನ್ನು ಒಂದೊಂದಾಗಿ ತೆಗೆದು, ಇದ್ದಷ್ಟರಲ್ಲೇ ಅದನ್ನು ಹಿಡಿಸಲು ಹೆಣಗುತ್ತಿದ್ದಾರೆ. ನೋಟ್‌ಬುಕ್ಕಿನ ಗೆರೆಗಳು ಅದರದ್ದೇ.

"ಆ ಪಟ್ಟಿಲಿ ನಮ್ಮ ಡಬ್ಬದ ಹೆಸ್ರು ಇನ್ನೆರಡು ಮಳೆಗಾಲ ಉಳೀಲಿ, ಅಷ್ಟೇ" ಎನ್ನುತ್ತಾರೆ ಭವ್ಯಾ. "ನನ್ನ ಹೆಸ್ರು ಇಲ್ದಿದ್ರೂ ನಡೀತದೆ."