ಬಯೋಡೇಟಾದಲ್ಲಿದ್ದ ಒಂದು ಸಾಲು

ಕಂಪ್ಯೂಟರ್ ಪರದೆಯ ಮೇಲಿದ್ದ ‘ಗಂಡ ಬಿಟ್ಟವಳು’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಬಯೋಡೇಟಾ ಮಾಡಿಸಲು ಬಂದಿದ್ದ ಹೆಂಗಸು, “ಅವ್ನು ಬುಟ್ಟಿಲ್ಲ ಕಣಮ್ಮ, ನಾನೇ ಬಂದ್ಬುಟ್ಟೆ” ಎಂದರು.

ಮಧುಗಿರಿ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವುದು ನನ್ನ ಕೆಲಸ. ದೊಡ್ಡೇರಿ ಕಡೆಯ ಆ ಹೆಂಗಸು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಕೇಳಲೆಂದು, ಯಾರೋ ಬರೆದುಕೊಟ್ಟಿದ್ದ ಬಯೋಡೇಟಾ ತಂದಿದ್ದರು. ಬೆಳಗಿನಿಂದ ಕೂತು ನನಗೆ ಕಣ್ಣು ಉರಿಯುತ್ತಿತ್ತು. ಇದ್ದದ್ದನ್ನು ಇದ್ದ ಹಾಗೇ ಹೊಡೆದಿದ್ದೆ.

“ಮತ್ತೇನಂತ ಹಾಕ್ಲಿ ಅಕ್ಕ?” ಎಂದೆ, ಸಾಕಾಗಿ.

“ನಮ್ಮತ್ತೆ ಹಾಸ್ಗೆ ಹಿಡ್ದಿದ್ರು. ಉಣ್ಸೋದು, ಮೈ ತೊಳ್ಸೋದು, ಎಲ್ಲಾ ಅವ್ರು ಸಾಯೋಗಂಟ ನಾನೇ ಮಾಡ್ದೆ. ಆಮೇಲೇ ಆ ಮನೆ ಬುಟ್ಟಿದ್ದು. ಅದ್ನ ಹಾಕಮ್ಮ.”

ಆ ಸಾಲನ್ನು ಅಳಿಸಿ, ‘ಅನುಭವ’ ಎಂಬಲ್ಲಿ ‘ಹಾಸಿಗೆ ಹಿಡಿದ ಹಿರಿಯರ ಆರೈಕೆ’ ಎಂದು ಬರೆದೆ.

ಕೆಲಸ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಈಗ ಬಯೋಡೇಟಾ ಮಾಡಿಸಲು ಬರುವ ಹೆಂಗಸರನ್ನು ಗಂಡನ ಬಗ್ಗೆ ಕೇಳುವುದಿಲ್ಲ. ಇಷ್ಟು ದಿನ ಏನೇನು ಮಾಡಿದ್ದೀರಿ ಎಂದು ಕೇಳುತ್ತೇನೆ. ಗಂಡನ ವಿಷಯ ಒಂದು ಸಾಲಿಗೆ ಮುಗಿಯುತ್ತಿತ್ತು. ಮಾಡಿದ್ದನ್ನೆಲ್ಲ ಹೊಡೆಯುತ್ತ ಹೋದರೆ ಪುಟ ದಾಟುತ್ತದೆ, ಬೆರಳು ನೋಯುತ್ತದೆ.