ಕೆರೆಗೆ ರಿವರ್ಸ್ ಗೇರಿನಲ್ಲಿ

ಪದ್ಮನಾಭನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಎರಡು ವರ್ಷ ದೋಣಿಯೊಂದು ಠಿಕಾಣಿ ಹೂಡಿತ್ತು. ಕಾರು ಬೀದಿಯಲ್ಲಿ ಒಣಗುತ್ತಿತ್ತು. ದೋಣಿ ಕಟ್ಟಿದ್ದು ನನ್ನ ಗಂಡ. ಅಂಜನಾಪುರದ ಕಡೆಯ ಒಂದು ಕೆರೆಯಿಂದ ಕಳೆ, ಪ್ಲಾಸ್ಟಿಕ್ ಎಳೆದುಹಾಕುವ ಗುಂಪಿನಲ್ಲಿ ನಾವಿಬ್ಬರೂ ಇದ್ದೇವೆ. ದಡದಲ್ಲಿ ನಿಂತು ಎಷ್ಟು ದೂರ ಕೈ ಚಾಚಲು ಸಾಧ್ಯ? ಒಂದು ದೋಣಿ ಇದ್ದಿದ್ದರೆ ಎಂದು ಯಾರೋ ಅಂದದ್ದೇ ತಡ, ಇವರು ಮಾರನೆಯ ದಿನ ಪ್ಲೈವುಡ್ ತಂದರು. ಕೈಗೆ ಕೆಲಸವಿಲ್ಲದಿದ್ದರೆ ಚೆನ್ನಾಗಿರುವ ಮಿಕ್ಸಿಯನ್ನೂ ಬಿಚ್ಚಿ ಕೂರುವ ಮನುಷ್ಯ. ಹಾಗಾಗಿ ನಾನು ತಡೆಯಲಿಲ್ಲ.

ದೋಣಿ ಅರ್ಧ ಆಗಿದ್ದಾಗ ಸಕ್ಕರೆ ಕಾಯಿಲೆ ಇವರ ಎಡಗಣ್ಣನ್ನು ತಿಂದುಹಾಕಿತು. ಇನ್ನು ಕಾರು ಓಡಿಸಬೇಡಿ ಎಂದರು ಡಾಕ್ಟರು. ಮಿಕ್ಕಿದ್ದನ್ನು ತಡವಿ ತಡವಿ ಮುಗಿಸಿದರು. ಇನ್ನೊಂದು ದೋಣಿ ಮಾಡುವುದು ತನ್ನಿಂದಾಗದ ಮಾತು, ಇದನ್ನು ನೆಟ್ಟಗೆ ನೀರಿಗಿಳಿಸಿಕೊಡು ಎಂದು ನನ್ನನ್ನು ಕೇಳಿದರು. ಯಾವತ್ತೂ ಯಾರ ಹತ್ತಿರವೂ ಏನೂ ಕೇಳಿದವರಲ್ಲ. ಆಗಲಿ ಎಂದೆ.

ದೋಣಿ ಸಾಗಿಸುವ ಟ್ರೇಲರನ್ನು ಕಾರಿನ ಹಿಂದೆ ಕಟ್ಟಿಕೊಂಡು ರಿವರ್ಸ್ ಹೋಗುವುದು ತಲೆಕೆಟ್ಟ ಕೆಲಸ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಭಾನುವಾರಗಳಲ್ಲಿ ಖಾಲಿ ಸೈಟೊಂದರಲ್ಲಿ ಇವರು ನನಗೆ ಕಲಿಸಿದರು. ಸ್ಟೀರಿಂಗಿನ ಕೆಳಗಡೆ ಹಿಡಿಯಬೇಕು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಬೇಕು, ಸೊಟ್ಟಗಾದರೆ ಮುಂದೆ ಬಂದು ಮತ್ತೆ ಶುರು ಮಾಡಬೇಕು. ಜಗಳವಾಡುತ್ತಲೇ ಕಲಿತೆ.

ಕೆರೆಯಲ್ಲಿ ಗಣೇಶನನ್ನು ಬಿಡಲು ಕಟ್ಟಿದ ಇಳಿಜಾರು ಇದೆ. ಕಿರಿದು, ನೀರಿನ ಹತ್ತಿರ ಪಾಚಿ, ಪಕ್ಕದಲ್ಲಿ ಕಲ್ಲುಗುಂಡು. ಟ್ರೇಲರಿನ ಚಕ್ರ ಅಂಚು ದಾಟಿದರೆ ದೋಣಿಯ ತಳ ಒಡೆದಂತೆಯೇ. ದೋಣಿ ಇಳಿಸುವ ದಿನ ನಾನು ಮೇಲೆಯೇ ಕಾರು ನಿಲ್ಲಿಸಿದೆ; ಇವರು ನೀರು ಒಳಬರದಂತೆ ತಳದ ಬಿರಡೆ ಬಿಗಿದರು, ದೋಣಿಯನ್ನು ಟ್ರೇಲರಿಗೆ ಬಿಗಿದಿದ್ದ ಪಟ್ಟಿಗಳನ್ನು ಬಿಚ್ಚಿದರು, ಮುಂದಿನ ಕೊಕ್ಕೆಯೊಂದನ್ನು ಮಾತ್ರ ಹಾಗೇ ಉಳಿಸಿದರು. ದೋಣಿಯ ಮೂತಿಗೆ ಕಟ್ಟಿದ ಹಗ್ಗ ಹಿಡಿದು ಪಕ್ಕದಲ್ಲಿ ನಿಂತರು. ನಾನು ಕಿಟಕಿಗಳನ್ನು ಇಳಿಸಿ ರಿವರ್ಸ್ ಹಾಕಿದೆ.

ನಮ್ಮೂರಿನಲ್ಲಿ ಹೆಂಗಸೊಬ್ಬಳು ರಿವರ್ಸ್ ತೆಗೆಯುವುದು ಕಂಡರೆ ಸಾಕು, ರಸ್ತೆಯೆಲ್ಲ ಕಂಡಕ್ಟರಾಗುತ್ತದೆ. ವಾಕಿಂಗ್ ಬಂದವರು, ನಾಯಿ ಹಿಡಿದ ಅಂಕಲ್, ಎಳನೀರಿನವನು, ಎಲ್ಲರೂ ಬಂದು ನಿಂತು ಕೈ ಬೀಸತೊಡಗಿದರು. ಬರ್ಲಿ ಬರ್ಲಿ ಎಂದ ಒಬ್ಬ. ಲೆಫ್ಟ್ ಹೊಡೀರಿ ಮೇಡಂ ಎಂದರು ಅಂಕಲ್. ಅಭ್ಯಾಸಬಲ ನೋಡಿ, ನಾನು ಹೊಡೆದೇಬಿಟ್ಟೆ. ಕಾರಿಗೆ ಅದು ಸರಿ, ಟ್ರೇಲರಿಗೆ ಉಲ್ಟಾ. ಕನ್ನಡಿಯಲ್ಲಿ ದೋಣಿ ಕಲ್ಲುಗುಂಡಿನ ಕಡೆ ಹೊರಟಿತ್ತು. ಅದರ ಪಕ್ಕದಲ್ಲಿದ್ದ ನನ್ನ ಗಂಡನ ಮುಖ ಬಿಳಿಚಿಕೊಂಡಿತ್ತು.

ಬ್ರೇಕ್ ಹಾಕಿ ಕೆಳಗಿಳಿದೆ. ಸಿಟ್ಟು ನೆತ್ತಿಗೇರಿತ್ತು, ಆದರೂ ಮರ್ಯಾದೆಯಿಂದಲೇ ಹೇಳಿದೆ. "ಸಾರ್, ಎಲ್ರೂ ಒಂಚೂರು ಸುಮ್ನಿರಿ. ನಂಗೆ ಇವರೊಬ್ರು ಹೇಳಿದ್ರೆ ಸಾಕು."

ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೀಗೆಂದದ್ದು ಅದೇ ಮೊದಲಿರಬೇಕು. ಇವರು ಗಂಟಲು ಸರಿಮಾಡಿಕೊಂಡರು. ಒಂದೇ ಕಣ್ಣಿಗೆ ದೂರ ಅಂದಾಜಾಗದಿದ್ದರೂ ನೇರ ಯಾವುದು, ಸೊಟ್ಟ ಯಾವುದು ಎಂದು ತಿಳಿಯುತ್ತದೆ. ಮುಂದೆ ಹೋಗಿ ಮತ್ತೆ ಬಂದೆ. ಇವರು ಒಂದೊಂದೇ ಮಾತು ಹೇಳಿದರು, ನಾನು ಕೈ ಸರಿಸಿದೆ. ಟ್ರೇಲರಿನ ಚಕ್ರ ಮುಳುಗಿತು, ಕಾರು ಒಣ ನೆಲದಲ್ಲೇ ಇತ್ತು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನಾನೇ ಹೋಗಿ ಕೊಕ್ಕೆ ಬಿಚ್ಚಿ ಮೆಲ್ಲಗೆ ತಳ್ಳಿದೆ.

ದೋಣಿ ಸದ್ದಿಲ್ಲದೆ ಜಾರಿತು. ಒಮ್ಮೆ ಓಲಾಡಿ ನೆಟ್ಟಗಾಯಿತು. ತೇಲಿತು. ಒಳಗೆ ಒಂದು ಹನಿ ನೀರಿರಲಿಲ್ಲ.

ಆಗ ನನ್ನ ಗಂಡ ಎರಡೂ ಕೈ ಜೋಡಿಸಿ ನೀರಿಗೆ ಮುಗಿದರು. ಬನಶಂಕರಿ ದೇವಸ್ಥಾನಕ್ಕೆ ಹೋದರೂ ಹೊರಗೆ ಚಪ್ಪಲಿ ಕಾಯುತ್ತಾ ನಿಲ್ಲುವ ಮನುಷ್ಯ! ಕೈಯಲ್ಲಿದ್ದ ಹಗ್ಗ ಕೆಳಗೆ ಬಿತ್ತು, ದೋಣಿಯ ಹಿಂದೆಯೇ ಸರಸರನೆ ನೀರಿನ ಕಡೆ ಹೊರಟಿತು. ಇವರಿಗೆ ಗೊತ್ತೇ ಆಗಲಿಲ್ಲ. ಇದ್ದೊಂದು ಕಣ್ಣಿನ ತುಂಬ ನೀರಿತ್ತು.

ನಾನು ಓಡಿ ಹಗ್ಗದ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದೆ. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ ಅಂಕಲ್‌ಗೆ ಇನ್ನು ತಡೆಯಲಾಗಲಿಲ್ಲ. ಹಗ್ಗ ಬಿಡಬಾರದಿತ್ತು ಸಾರ್ ಎಂದು ಇವರಿಗೆ ಬುದ್ಧಿ ಹೇಳಲು ಬಂದರು.

ಇವರನ್ನು ಬಯ್ಯಬೇಕೆಂದು ನಾನೇ ಬಾಯಿ ತೆರೆದಿದ್ದೆ. ಬಂದದ್ದು ಬೇರೆ ಮಾತು.

"ಅವರು ಕೈ ಮುಗೀತಾ ಇದಾರೆ, ಮುಗೀಲಿ ಬಿಡಿ. ಹಗ್ಗಕ್ಕೆ ನಾನಿದೀನಲ್ಲ."