ಸಂಬಳವಿಲ್ಲದ ಮೇಡಂ

ಕೋವಿಡ್ ಅಬ್ಬರ ಇಳಿದ ಮರುವರ್ಷ ನಾನು ತೆಲಂಗಾಣದ ಗಡಿಯ ನಾರಾಯಣಪೇಟೆಯ ಧರ್ಮಾರ್ಥ ಕಣ್ಣಿನ ಆಸ್ಪತ್ರೆಯೊಂದಕ್ಕೆ ಮುಖ್ಯ ಕಾರ್ಯನಿರ್ವಾಹಕಿಯಾಗಿ ಸೇರಿದೆ. ಅದಕ್ಕೂ ಮೊದಲು ರಾಯಚೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಡಳಿತಾಧಿಕಾರಿಯಾಗಿದ್ದೆ. ಆಸ್ಪತ್ರೆ ನಡೆಸುವ ಟ್ರಸ್ಟಿಗೆ ಮಕ್ತಲ್ ಮತ್ತು ಗದ್ವಾಲದಲ್ಲಿ ಒಂದೊಂದು ವಿಷನ್ ಸೆಂಟರ್ ಇತ್ತು. ಅಂದರೆ ತಂತ್ರಜ್ಞರೊಬ್ಬರು ಕಣ್ಣು ಪರೀಕ್ಷಿಸಿ, ಪೊರೆ ಬಂದವರನ್ನು ನಮ್ಮಲ್ಲಿಗೆ ಕಳಿಸುವ ಸಣ್ಣ ಕೋಣೆ. ಬಡವರಿಗೆ ಪೊರೆಯ ಆಪರೇಷನ್ ಉಚಿತ, ಖರ್ಚೆಲ್ಲ ದಾನಿಗಳದು. ನಾನು ಬರುವಾಗ ಆಪರೇಷನ್ ಥಿಯೇಟರಿಗೆ ಬೀಗ ಬಿದ್ದಿತ್ತು. ಸರ್ಜನ್ ನಿಲ್ಲುತ್ತಿರಲಿಲ್ಲ, ಔಷಧಿ ಹೊತ್ತಿಗೆ ಬರುತ್ತಿರಲಿಲ್ಲ. ಬೀಗ ತೆಗೆಸಲೆಂದೇ ನನ್ನನ್ನು ತಿಂಗಳಿಗೆ ತೊಂಬತ್ತು ಸಾವಿರ ಸಂಬಳಕ್ಕೆ ಕರೆತಂದಿದ್ದರು. ನಾಲ್ಕು ತಿಂಗಳಲ್ಲಿ ತೆಗೆಸಿದೆ.

ಟ್ರಸ್ಟಿನ ಅಧ್ಯಕ್ಷರು ವಾಮನಾಚಾರ್ಯರು. ಅವರ ತಂದೆ ಇದೇ ಆಸ್ಪತ್ರೆಯನ್ನು ಬದುಕಿರುವವರೆಗೂ ಸಂಬಳವಿಲ್ಲದೆ ನಡೆಸಿದ್ದರು. ಅವರಿಗೆ ಹೊಲವಿತ್ತು, ಹೊಟ್ಟೆಬಟ್ಟೆಯ ಚಿಂತೆಯಿರಲಿಲ್ಲ. ದಾನಿಗಳ ವಾರ್ಷಿಕ ಸಭೆಯಲ್ಲಿ ಆಸ್ಪತ್ರೆ ನಡೆಸುವವರಿಗೆ ಶಾಲು ಹೊದಿಸಿ, “ಒಂದು ಪೈಸಾ ಮುಟ್ಟದ ನಿಷ್ಕಾಮ ಸೇವೆ” ಎಂದು ಘೋಷಿಸುವುದು ಆಗಿನಿಂದ ಬಂದ ವಾಡಿಕೆ. ನನ್ನ ಮೊದಲ ಸಭೆಯಲ್ಲೂ ಆಚಾರ್ಯರ ಬಾಯಿಂದ ಆ ಮಾತು ಮಂತ್ರದ ಹಾಗೆ ಉದುರಿತು. ವೇದಿಕೆ ಇಳಿದವಳೇ, ಸಂಬಳ ಪಡೆಯುವ ನನಗೆ ಈ ಮಾತು ಯಾಕೆ ಎಂದು ಕೇಳಿದೆ.

“ವಾಡಿಕೀ ಮಾತದ ಮೇಡಂ. ಯಾರು ಮನಸ್ಸಿಗೆ ಹಚ್ಚಿಕೋತಾರ?” ಎಂದು ನಕ್ಕರು.

ಇಡೀ ಊರೇ ಹಚ್ಚಿಕೊಂಡಿತು. ಮರುದಿನ ತರಕಾರಿ ತರಲು ಹೋದೆ. ಅಲ್ಲಿ ಕಾಯಿಪಲ್ಲೆ ಮಾರುವ ಬಾಲಮ್ಮ ಎಂಬಾಕೆಯ ಅತ್ತೆಗೆ ನಮ್ಮಲ್ಲೇ ಆಪರೇಷನ್ ಆಗಿತ್ತು. ವಾರಕ್ಕೊಮ್ಮೆ ಬಂದು ಆಸ್ಪತ್ರೆಯ ಹುಂಡಿಗೆ ಕೈಲಾದಷ್ಟು ಹಾಕಿ ಹೋಗುತ್ತಿದ್ದಳು. ಬದನೆಕಾಯಿ ಚೀಲಕ್ಕೆ ಸುರಿದು, ನಾನು ಕೊಟ್ಟ ನೋಟನ್ನು ನನ್ನ ಕೈಗೇ ತುರುಕಿದಳು.

“ನಿಮ್ಮ ಕಡಿಂದ ರೊಕ್ಕ ತೊಗೊಂಡ್ರ ನನಗ ಒಳ್ಳೇದಾಕ್ಕೈತೇನ್ರಿ?”

“ನನಗ ಸಂಬಳ ಐತಿ ಬಾಲಮ್ಮ” ಎಂದೆ.

“ದೊಡ್ಡ ಮನಸಿನೋರು ಹಿಂಗ ಅಂತಾರ ಬಿಡ್ರಿ” ಎಂದು ಮೇಲಿಂದ ಎರಡು ಸಿವುಡು ಮೆಂತ್ಯ ಹಾಕಿದಳು.

ಹೇಳಿದಷ್ಟೂ ನನ್ನ ದೊಡ್ಡತನ ಬೆಳೆಯಿತು. ಮಕ್ತಲ್ ಬಸ್ ನಿಲ್ದಾಣದ ಆಟೋದವರು ಬಾಡಿಗೆ ಮುಟ್ಟಲಿಲ್ಲ. ಸೀರೆಯಂಗಡಿಯವರು ಬೆಲೆಯನ್ನು ಅರ್ಧಕ್ಕಿಳಿಸಿ ಕೈ ಮುಗಿದರು. ನಾರಾಯಣಪೇಟೆಯಲ್ಲೇ ಇದ್ದು ಆ ಊರಿನ ಹೆಸರಾಂತ ಸೀರೆ ಕೊಳ್ಳಲಾಗದೆ ವರ್ಷ ಕಳೆದವಳು ನಾನೊಬ್ಬಳೇ ಇರಬೇಕು. ಕೊನೆಗೆ ದುಡ್ಡು ಕೊಟ್ಟು ತಿನ್ನುವ ಆಸೆಗೆ ಭಾನುವಾರ ರಾಯಚೂರಿಗೆ ಹೋಗಿ ವಾರದ ಕಾಯಿಪಲ್ಲೆ ಹೊತ್ತು ತರತೊಡಗಿದೆ. ಜನ ಆ ಚೀಲ ನೋಡಿ, ಪಾಪ, ತವರಿನಿಂದ ತಂದು ಉಣ್ಣುತ್ತಾಳೆ ಎಂದು ಮರುಗಿದರು. ನಗು ಬರುವ ಮಾತೇ. ಆದರೆ ನನಗೆ ಉಸಿರು ಕಟ್ಟುತ್ತಿತ್ತು. ಸ್ಕೂಟರ್ ಕೊಳ್ಳುವಂತಿಲ್ಲ, ಮಗಳನ್ನು ಹೈದರಾಬಾದಿನಲ್ಲಿ ಓದಿಸುತ್ತಿದ್ದೇನೆ ಎನ್ನುವಂತಿಲ್ಲ. ದುಡಿದ ದುಡ್ಡನ್ನು ಕದ್ದ ಮಾಲಿನಂತೆ ಖರ್ಚು ಮಾಡುತ್ತಿದ್ದೆ.

ಎರಡನೆಯ ವರ್ಷದ ಸಭೆಗೆ ವಾರವಿರುವಾಗ ಬಾಲಮ್ಮ ಮಾರ್ಕೆಟ್ಟಿನ ಹೆಂಗಸರೊಂದಿಗೆ ನನ್ನ ಕೋಣೆಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಮಡಿಸಿದ ನೋಟುಗಳನ್ನು ಮೇಜಿನ ಮೇಲಿಟ್ಟಳು.

“ನಿಮ್ಮ ಮನಿ ಬಾಡಿಗಿಗ್ರಿ. ಎಷ್ಟು ದಿನ ಅಂತ ಉಪಾಸ ಸೇವಾ ಮಾಡ್ತೀರಿ?”

ಆ ನೋಟುಗಳಿಂದ ಕೊತ್ತಂಬರಿಯ ವಾಸನೆ ಬರುತ್ತಿತ್ತು. ನನಗೆ ಅಳು ಬಂತು. ಅವರು ಅದನ್ನೂ ಕೃತಜ್ಞತೆ ಎಂದುಕೊಂಡರು. ಅವರನ್ನು ಒಪ್ಪಿಸಿ ಗಂಟು ಮರಳಿ ಕಟ್ಟಿಸುವಷ್ಟರಲ್ಲಿ ಸಾಕುಬೇಕಾಯಿತು. ನೇರ ಆಚಾರ್ಯರ ಮನೆಗೆ ಹೋದೆ. ಈ ಸಲ ಶಾಲು ಹೊದಿಸುವಾಗ ನಿಜ ಹೇಳಿ, ಇಲ್ಲವೇ ನಾನು ರಾಜೀನಾಮೆ ಕೊಡುತ್ತೇನೆ ಎಂದೆ.

ಆಚಾರ್ಯರು ಸಿಟ್ಟಾಗಲಿಲ್ಲ. “ನಾ ಹೇಳಿದೆ ಅಂದ್ರ ಹುಂಡಿ ಬರಿದಾಗ್ತದ. ನೀವು ಹೋದ್ರ ಥಿಯೇಟರಿಗೆ ಮತ್ತ ಬೀಗ. ಎರಡರಾಗ ಯಾವುದು ಬೇಕು, ನೀವ ಹೇಳ್ರಿ” ಎಂದರು. ನಾನು ಎದ್ದು ಬಂದೆ. ಆಪರೇಷನ್ನಿಗೆ ಹೆಸರು ಬರೆಸಿ ಕಾಯುತ್ತಿದ್ದವರು ಆಗಲೇ ಸಾಕಷ್ಟಿದ್ದರು. ನಾನು ಬಾಯಿ ತೆರೆದರೆ ಅವರ ಕಣ್ಣು, ತೆರೆಯದಿದ್ದರೆ ಬಾಲಮ್ಮನ ಬಾಡಿಗೆ ದುಡ್ಡು. ಅತ್ತ ದರಿ, ಇತ್ತ ಪುಲಿ.

ಸಭೆಯ ದಿನ ಆಚಾರ್ಯರು ಶಾಲು ಹೊದಿಸಿದರು. ಮೈಕಿನ ಮುಂದೆ ನಿಂತು, ನನ್ನ ಮುಖ ತಪ್ಪಿಸಿ, ಅದೇ ಹಳೆಯ ಮಾತು ಆಡಿದರು. ಮೂರನೆಯ ಸಾಲಿನಲ್ಲಿ ಕೂತಿದ್ದ ಬಾಲಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಮೈಕ್ ತೆಗೆದುಕೊಂಡು ನನಗೆ ತಿಂಗಳಿಗೆ ತೊಂಬತ್ತು ಸಾವಿರ ಸಂಬಳವಿದೆ ಎಂದೆ.

“ಅದನ್ನೂ ಆಸ್ಪತ್ರಿಗೇ ಕೊಡ್ತಾರ ನೋಡ್ರಿ!” ಎಂದು ಗದ್ವಾಲದ ಹತ್ತಿಬೀಜದ ವ್ಯಾಪಾರಿ ಕೂಗಿದರು. ಅವರು ನಮ್ಮ ದೊಡ್ಡ ದಾನಿ. ಮತ್ತೆ ಚಪ್ಪಾಳೆ.

“ಇಲ್ರಿ, ಮನೆಗೆ ಒಯ್ತೀನಿ. ಬಾಡಿಗೆ ಕಟ್ತೀನಿ, ಮಗಳನ್ನ ಓದಿಸ್ತೀನಿ. ಎಲ್ಲಾನೂ ಒಯ್ತೀನಿ” ಎಂದೆ.

ಆಗ ಆಚಾರ್ಯರು ಎದ್ದು ಬಂದರು. “ಖರೇ ಅದ. ಕರೆದು ತಂದಾವ ನಾನ, ಮುಚ್ಚಿಟ್ಟಾವನೂ ನಾನ. ಅಪ್ಪನ ಹೆಸರು ಉಳಿಸಾಕ ಹೋಗಿ ಇವರ ಬಾಯಿ ಕಟ್ಟಿದೆ” ಎಂದರು. ಗದ್ವಾಲದ ವ್ಯಾಪಾರಿ ತಂದಿದ್ದ ಚೆಕ್ಕನ್ನು ಜೇಬಿನಲ್ಲೇ ಇಟ್ಟುಕೊಂಡು ಊಟ ಮಾಡದೆ ಹೊರಟುಹೋದರು. ಬಾಲಮ್ಮ ಯಾವಾಗ ಎದ್ದು ಹೋದಳೋ ನಾನು ನೋಡಲಿಲ್ಲ.

ಆಚಾರ್ಯರು ಹೇಳಿದ್ದು ಸುಳ್ಳಾಗಲಿಲ್ಲ. ಮುಂದಿನ ತಿಂಗಳುಗಳಲ್ಲಿ ದಾನ ಇಳಿಯಿತು, ಹಲವರ ಆಪರೇಷನ್ ಮುಂದಕ್ಕೆ ಹೋಯಿತು. ಗದ್ವಾಲದ ಬಳಿಯ ಐಜದಿಂದ ಬಂದಿದ್ದ ಮುದುಕರೊಬ್ಬರನ್ನು ನಾನೇ ವಾಪಸು ಕಳಿಸಬೇಕಾಯಿತು. ಆ ಸಂಕಟ ಇವತ್ತಿಗೂ ಇದೆ. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುವವರು ಅದರ ಬಿಲ್ಲು ಯಾರ ಹೆಸರಿಗೆ ಬಂತೆಂದು ನೋಡಿರುವುದಿಲ್ಲ.

ಬಾಲಮ್ಮ ಸಭೆಯ ಮರುದಿನ ಬದನೆಕಾಯಿ ತೂಗಿ, ಬೆಲೆ ಹೇಳಿ, ಮುಖ ನೋಡದೆ ದುಡ್ಡು ಎಣಿಸಿಕೊಂಡಿದ್ದಳು. ಮೆಂತ್ಯ ಹಾಕಲಿಲ್ಲ. ಮತ್ತೊಂದು ವಾರ ಬಿಟ್ಟು ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತಳು.

“ಅಷ್ಟು ರೊಕ್ಕಕ್ಕ ದಿನಾ ಏನ್ ಮಾಡ್ತೀರಿ, ತೋರಿಸ್ರಿ.”

ಅದುವರೆಗಿನ ನೌಕರಿಯಲ್ಲಿ ಯಾವ ದಾನಿಯೂ ನನ್ನನ್ನು ಹಾಗೆ ಕೇಳಿರಲಿಲ್ಲ. ಇಡೀ ದಿನ ಜೊತೆಗಿಟ್ಟುಕೊಂಡೆ. ಬರಲೊಲ್ಲೆ ಎಂದ ಸರ್ಜನ್ ಜೊತೆ ಫೋನಿನಲ್ಲಿ ಜಗಳವಾಡಿದ್ದನ್ನು, ಲೆನ್ಸಿನ ದರಕ್ಕೆ ಕಂಪನಿಯವನೊಂದಿಗೆ ಚೌಕಾಶಿ ಮಾಡಿದ್ದನ್ನು ನೋಡಿದಳು. ಚೌಕಾಶಿ ಅವಳಿಗೆ ಹಿಡಿಸಿತು. ಇನ್ನೂ ಸ್ವಲ್ಪ ಎಳೆಯಬೇಕಿತ್ತು ಎಂದಳು. ಸಂಜೆ ಹೊರಡುವಾಗ ಸೆರಗಿನ ಗಂಟು ಬಿಚ್ಚಿ ಹುಂಡಿಗೆ ಹಾಕಿದಳು.

“ಇದು ಆಸ್ಪತ್ರಿಗ್ರಿ. ನಿಮಗಲ್ಲ.”

ಅದಾದ ಮೇಲೆ ನಮ್ಮ ಸಭೆಯಲ್ಲಿ ಶಾಲು ನಿಂತಿತು. ಯಾರಿಗೆ ಎಷ್ಟು ಸಂಬಳ, ಅದಕ್ಕೆ ಏನು ಕೆಲಸ ಎಂದು ಆಚಾರ್ಯರೇ ಮೈಕಿನಲ್ಲಿ ಹೇಳುತ್ತಾರೆ. ದಾನ ನಿಧಾನಕ್ಕೆ ಮೇಲೆದ್ದಿದೆ, ಗದ್ವಾಲದ ವ್ಯಾಪಾರಿ ಮಾತ್ರ ಇನ್ನೂ ಬಂದಿಲ್ಲ. ದಾನಿಯ ಭಕ್ತಿಗಿಂತ ಅವನ ಪ್ರಶ್ನೆ ದೊಡ್ಡದು ಎಂಬುದನ್ನು ಈ ನೌಕರಿ ನನಗೆ ಕಲಿಸಿತು. ಭಕ್ತಿ ನನ್ನ ಕೈಕಾಲು ಕಟ್ಟಿತ್ತು, ಬಿಡಿಸಿದ್ದು ಬಾಲಮ್ಮನ ಪ್ರಶ್ನೆ. ಈಗ ಬದನೆಕಾಯಿಗೆ ಅವಳು ನನ್ನಿಂದ ಬೇರೆಯವರಿಗಿಂತ ಎರಡು ರೂಪಾಯಿ ಹೆಚ್ಚೇ ಕೇಳುತ್ತಾಳೆ. ನಾನು ನಿಂತು ಜಗಳವಾಡಿ, ಇಳಿಸಿ, ಕೊಟ್ಟು ಬರುತ್ತೇನೆ.